ಕಿಟಕಿಯ ಬಾಡಿಗೆ

ಗದಗಿನ ದರ್ಜಿ ನೀಲವ್ವ ಅಂಗಡಿಯ ಮೇಲಿನ ದೊಡ್ಡ ಕೋಣೆಯನ್ನು ಇಬ್ಬರು ಕಲಾವಿದರಿಗೆ ಹಂಚಿ ಕೊಡಲು ಹೊರಟಳು. ಯಾವ ಭಾಗಕ್ಕೆ ಎಷ್ಟು ಬಾಡಿಗೆಯೆಂದೇ ಅವಳಿಗೆ ತಿಳಿಯಲೊಲ್ಲದು.

ಚಿತ್ರಕಾರ ದೇಸಾಯರು ಬಂದು ಜೋರು ಮಾಡಿದರು. “ಕಿಟಕಿ ಕಡೆ ನನಗ ಬೇಕು. ಅಲ್ಲಿ ಧೂಳು ಭಾಳ, ಗೋಡೆ ಕಡೆಗಿಂತ ಅರ್ಧ ಬಾಡಿಗಿ ಸಾಕು!”

ಗೋಡೆ ಕಡೆ ಹಿಡಿಯಲು ಬಂದಿದ್ದ ತಬಲಾ ಮಾಸ್ತರ ಹುಸೇನಸಾಬರು ಕಕ್ಕಾಬಿಕ್ಕಿಯಾದರು.

ನೀಲವ್ವ ಕೈಮುಗಿದಳು. “ಆಗಲ್ರಿ ಸಾಹೇಬ್ರ. ದರಾ ನೀವು ಹೇಳಿದ್ದ ಖರೆ. ಜಾಗಾ ಮಾತ್ರ ಮೊದಲ ಮಾಸ್ತರು ಆರಿಸಲಿ.”

“ಹಂಗಾದ್ರ ನನಗ ಕಿಟಕಿ!” ಮಾಸ್ತರರು ತಬಲಾ ಎತ್ತಿಕೊಂಡರು.

ದೇಸಾಯರು ಗಾಬರಿಬಿದ್ದರು. “ತಡೀರಿ! ಕಿಟಕಿಗೆ ಬೆಳಕು ಐತಿ. ಅದರ ಬಾಡಿಗಿ ಗೋಡೆ ಕಡೆಗಿಂತ ಎರಡು ಪಟ್ಟು!”

“ಹಂಗಾದ್ರ ನನಗ ಗೋಡೆನ ಸಾಕ್ರಿ,” ಎಂದರು ಮಾಸ್ತರರು.

ದೇಸಾಯರು ಕಿಟಕಿ ನೋಡಿದರು, ಗೋಡೆ ನೋಡಿದರು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ.

ನೀಲವ್ವ ದೇಸಾಯರಿಗೆ ಬೀಗದಕೈ ಕೊಟ್ಟಳು. “ದರಾ ಹಾಕಿದವರು ನೀವ. ಇನ್ನ ಚೌಕಾಸಿ ಯಾರ ಕೂಡ ಮಾಡ್ತೀರಿ?”