ಹುಲಿಗೆವ್ವನ ಮೊಣಕಾಲ ಬ್ಯಾನಿ

ನಗೋದಿದ್ರ ಆಮ್ಯಾಲೆ ನಗ್ರಿ, ಮೊದಲು ಹುಲಿಗೆವ್ವನ ಸಿಟ್ಟು ಕೇಳ್ರಿ.

ದಿನಾ ಒಲಿ ಮುಂದ ಕುಂತು ರೊಟ್ಟಿ ಬಡಿದು, ಬುಟ್ಟಿ ಹೊತ್ತು ಮಾರಿ ಮನಿ ನಡಸಾಕಿ ಆಕಿ. ಒಬ್ಬನೇ ಮಗ ಯಂಕೋಬಿ. ಮೀಸಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಒಂದಿನ ಆಕಿ ಮೊಣಕಾಲು ಬಾತು ಕುಂಬಳಕಾಯಿ ಆತು.

"ಯಂಕೋಬಿ, ಬ್ಯಾನಿ ತಡಿಯಾಕ ಆಗವಲ್ದು. ಮೊಣಕಾಲಿಗೆ ಎಣ್ಣಿ ಹಚ್ಚೋ!"

"ಹೂಂನವ್ವ!"

ಬಟ್ಟಲದಾಗ ಎಣ್ಣಿ ಸುರುವಿದ, ಬತ್ತಿ ಇಟ್ಟ, ಕಡ್ಡಿ ಗೀರಿದ. ಮೊಣಕಾಲ ಮುಂದ ದೀಪ ಹಚ್ಚಿ ಕೈಮುಗಿದು ಕುಂತ. ಸೀರಿ ಅಂಚು ಚುರ್ ಅಂತು!

"ನಿನ್ನ ಬಾಯಾಗ ಮಣ್ಣ ಹಾಕ! ನಾ ಏನ್ ದೇವರೇನೋ? ಬ್ಯಾನಿ ಇದ್ದಲ್ಲಿ ಎಣ್ಣಿ ಸುರುವಿ ತಿಕ್ಕಬೇಕೋ, ತಿಕ್ಕಬೇಕು!"

"ಹೂಂನವ್ವ!"

ಮರುದಿನ ಯಂಕೋಬಿ ನೋಡ್ತಾನ, ಹೊಸ್ತಿಲ ದಾಟುವಾಗೆಲ್ಲ ಅವ್ವ "ಅಯ್ಯಯ್ಯೋ" ಅಂತಾಳ. ಹಂಗಾರ ಬ್ಯಾನಿ ಇರೋದು ಇಲ್ಲೇ! ಹೊಸ್ತಿಲಿಗೆ ಎಣ್ಣಿ ಸುರುವಿ ಗಸಗಸ ತಿಕ್ಕಿದ. ಬುಟ್ಟಿ ಹೊತ್ತು ಬಂದ ಹುಲಿಗೆವ್ವ ಜಾರಿ ಬಿದ್ದಳು. ಅಂಗಳ ತುಂಬ ರೊಟ್ಟಿ. ಇನ್ನೊಂದು ಮೊಣಕಾಲೂ ಬಾತಿತು.

"ಅಡ್ನಾಡಿ! ಈ ಕಾಲು ಹೋದ್ರ ನಾಳಿಗೆ ನಿನಗ ಕೂಳು ಹಾಕಾವ್ರು ಯಾರೋ? ಎಣ್ಣಿ ಮುಟ್ಟಬ್ಯಾಡ! ಬಾವು ಕಂಡಲ್ಲಿ ಬಟ್ಟಿ ಸುತ್ತಿ ಬಿಗಿದು ಕಟ್ಟಬೇಕು. ಹೋಗು, ಡಾಕ್ಟರನ್ನ ಕರಕೊಂಡು ಬಾ!"

"ಹೂಂನವ್ವ!"

ಡಾಕ್ಟರ್ ಗೂಳಪ್ಪಗ ಅವತ್ತ ಹಲ್ಲುನೋವು, ಗಲ್ಲ ಬಾತಿತ್ತು. ಬಾವು ಕಂಡನಲ್ಲ ಯಂಕೋಬಿ! ಹೆಗಲ ಮ್ಯಾಲಿನ ವಲ್ಲಿ ತಗದು, ಡಾಕ್ಟರನ ಬಾಯಿ ಗಲ್ಲ ಎಲ್ಲ ಸೇರಿಸಿ ಬಿಗಿದು ಗಂಟು ಹಾಕಿದ. "ಊಂ! ಊಂ!" ಅನ್ನಾವನ್ನ ಕೈ ಹಿಡಿದು ಎಳಕೊಂಡ ಬಂದ.

ಹುಲಿಗೆವ್ವ ಹಣಿ ಹಣಿ ಬಡಕೊಂಡು ಗಂಟು ಬಿಚ್ಚಿದಳು. ಡಾಕ್ಟರನ ಮುಖ ಕೆಂಪಗಾಗಿತ್ತು.

"ನಿನ್ನ ಸಲುವಾಗಿ ಬಂದೀನಿ ಹುಲಿಗೆವ್ವ, ಇಲ್ಲಂದ್ರ ಇವನ ಮೂಳಿ ಮುರೀತಿದ್ದೆ!" ಅಂದ. ಮೊಣಕಾಲು ಒತ್ತಿ ನೋಡಿದ, ಗುಳಿಗಿ ಕೊಟ್ಟ. "ಉಂಡ ಮ್ಯಾಲೆ ತಗೋ. ಎಂಟು ದಿನ ಬುಟ್ಟಿ ಹೊರಬ್ಯಾಡ." ಯಂಕೋಬಿ ಕಡೆ ತಿರುಗಿ ಗದರಿದ: "ಏ ಮಂಗ್ಯಾ, ಕಿವಿ ಕೊಟ್ಟು ಕೇಳು! ಮಂಚ ಹಾಕು. ಕಾಲು ಎತ್ತರದಾಗ ಇಡು. ಅಷ್ಟ!"

"ಹೂಂನ್ರೀ ಡಾಕ್ಟರ!"

ಡಾಕ್ಟರ್ ಹೋದ ಮ್ಯಾಲೆ ಹುಲಿಗೆವ್ವ ಕುಂಟುತ್ತ ಹಿತ್ತಲಕ್ಕ ಹೋಗಿ, ಮಾರಿ ತೊಳಕೊಂಡು ಬಂದಳು. ನೋಡಿದ್ರ ಮಂಚ ಹಲಗಿ ಆದ್ಹಂಗ ನೆಲಕ್ಕ ಬಿದ್ದೈತಿ. ಕಾಲೇ ಇಲ್ಲ! ಯಂಕೋಬಿ ಕೈಯಾಗ ಗರಗಸ, ಮೈಯೆಲ್ಲ ಬೆವರು.

"ಮಂಚದ ಕಾಲು ಎಲ್ಲ್ಯೋ, ಹಾಳಾದವನ?"

ಯಂಕೋಬಿ ಅಟ್ಟದ ಕಡೆ ಬಟ್ಟು ಮಾಡಿದ.

"ಡಾಕ್ಟರ್ ಹೇಳಿದ್ಹಂಗ ನಾಕೂ ಎತ್ತರದಾಗ ಇಟ್ಟೀನವ್ವ. ಇನ್ನ ಅವಕ್ಕ ಗುಳಿಗಿ ಹೆಂಗ ನುಂಗಸೋದು, ಅದನ್ನಷ್ಟ ಹೇಳು!"