ಯುವರಾಜನ ಪಾಲನ್ನು ಉಂಡವರು ಯಾರು?

“ಕೇಳಿರಪ್ಪೋ ಕೇಳಿ! ತೊರೆನಾಡಿನ ದೊರೆ ಸಿಂಗರಾಯರ ಅಪ್ಪಣೆ! ನಾಡಿಗೆಲ್ಲ ಇದ್ದ ಹಳೆಯ ಮೊಬೈಲ್ ಕರಾರನ್ನು ಹರಿದುಹಾಕಲಾಗಿದೆ. ಹೊಸದನ್ನು ಆರಿಸಬಲ್ಲ ಜಾಣರು ಆಸ್ಥಾನಕ್ಕೆ ಬರಲಿ. ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಕ್ಕೀತು. ತಪ್ಪಿದವರ ತಲೆ ಉಳಿಯದು. ಅಲ್ಲಿಯವರೆಗೆ ನಾಡಿನ ಟವರುಗಳೆಲ್ಲ ಬಾಯಿ ಮುಚ್ಚಿರತಕ್ಕದ್ದು!”

ಡಂಗುರದವನು ಹೊಳೆಯ ಕಡವಿನಲ್ಲಿ ಇದನ್ನು ಸಾರಿ ಹೋದಾಗ ಹರಿಗೋಲಿನ ದ್ಯಾವ ಹುಟ್ಟು ಹಿಡಿದು ಹಾಗೇ ನಿಂತುಬಿಟ್ಟ. ಅವನಿಗೆ ತನ್ನವಳು ಅಂತ ಇದ್ದವಳು ತಂಗಿ ಕೆಂಚಿ ಒಬ್ಬಳೇ. ಅವಳಿಗೆ ಹುಟ್ಟಿನಿಂದಲೂ ಕಿವಿ ಕೇಳದು, ಮಾತು ಬಾರದು. ಮೂರು ಬೆಟ್ಟದಾಚೆಗೆ ಮದುವೆಯಾಗಿ ಹೋದವಳು ದಿನಾ ಸಂಜೆ ವಿಡಿಯೊ ಕರೆ ಮಾಡಿ, ಕೈಸನ್ನೆಯಲ್ಲೇ ಅಣ್ಣನೊಡನೆ ಮಾತಾಡುತ್ತಿದ್ದಳು. ಈಗ ಅವಳಿಗೆ ದಿನ ತುಂಬಿತ್ತು. ಗಡಿಯ ಕಾಳಗದಿಂದಾಗಿ ಬೆಟ್ಟದ ದಾರಿಯೂ ಮುಚ್ಚಿತ್ತು.

ದ್ಯಾವ ಹದಿನೆಂಟು ದಿನ ಕಾದ. ಯಾರೂ ಒಗಟು ಬಿಡಿಸಲಿಲ್ಲ. ಹತ್ತೊಂಬತ್ತನೆಯ ದಿನ ಹರಿಗೋಲನ್ನು ದಡಕ್ಕೆ ಕವುಚಿಹಾಕಿ, ಸಾಯಲು ಹೊರಟವನ ಹಾಗೆ ರಾಜಧಾನಿಯ ದಾರಿ ಹಿಡಿದ.

ಅವನು ಹೋದ ಹೊತ್ತಿಗೆ ಪಂಡಿತ ಗುಣಾಕರಭಟ್ಟರು ದೊರೆಯ ಮುಂದೆ ನಿಂತಿದ್ದರು.

ದೊರೆ ಕೇಳಿದ: “ನನ್ನ ಮನೆಯಲ್ಲೊಂದು ಕೊಡ. ದಿನಕ್ಕೊಮ್ಮೆ ತಾನೇ ತುಂಬುತ್ತದೆ. ಕುಡಿದರೂ ಬರಿದು, ಕುಡಿಯದೆ ಮುಚ್ಚಿಟ್ಟರೂ ನಾಳೆಗೆ ಹನಿ ಉಳಿಯದು. ಏನದು?”

“ಮನುಷ್ಯನ ಆಯುಷ್ಯ, ಪ್ರಭು.”

“ಮಾತು ಚೆಂದವಾಗಿದೆ. ಉತ್ತರ ತಪ್ಪು.”

ಭಟರು ಪಂಡಿತರನ್ನು ಎಳೆದೊಯ್ದರು. ಆಮೇಲೆ ಬಂದ ಸರದಾರನೊಬ್ಬ “ಇಬ್ಬನಿ” ಎಂದ. ಅವನೂ ಹೋದ. ಮುಂದೆ ಸಾಲಿನಲ್ಲಿದ್ದ ಮೂವರು ಸದ್ದಿಲ್ಲದೆ ಹಿಂದಕ್ಕೆ ಸರಿದರು. ಉಳಿದವನು ದ್ಯಾವ ಒಬ್ಬನೇ.

“ಬುದ್ಧೀ, ಅದು ದಿನದ ಡೇಟಾ,” ಎಂದ. “ಒಂದು ದಿನ ತಂಗಿ ಜೊತೆ ಮಾತೇ ಆಡದೆ, ನಾಳೆ ಹಬ್ಬ, ಎರಡು ದಿನದ್ದು ಸೇರಿಸಿ ಮಾತಾಡೋಣ ಅಂತ ಉಳಿಸಿದ್ದೆ. ನಡುರಾತ್ರಿ ದಾಟಿತು, ಉಳಿಸಿದ್ದೂ ಹೋಯಿತು. ಉಳಿದದ್ದು ಮುಂದಕ್ಕೆ ಸೇರಬೇಕಾದರೆ ಕರಾರಿನಲ್ಲಿ ಹಾಗಂತ ಬರೆದಿರಬೇಕು.”

ದೊರೆ ಮೊದಲ ಬಾರಿಗೆ ತಲೆ ಎತ್ತಿ ನೋಡಿದ. ಗಡಿಯ ಕಾಳಗದಲ್ಲಿ ಮಗನನ್ನು ಕಳೆದುಕೊಂಡವನ ಕಣ್ಣು ಅದು, ಒಣಗಿಹೋಗಿತ್ತು.

“ಎರಡನೆಯದು. ಮೇರೆಯೇ ಇಲ್ಲ ಅಂತ ಹೆಸರಿಟ್ಟು ನನಗೊಂದು ಬಯಲು ಮಾರಿದರು. ಸ್ವಲ್ಪ ದೂರ ಕುದುರೆ ಹಾರಿತು. ಅಲ್ಲಿಂದಾಚೆ ಅದೇ ಕುದುರೆ ಆಮೆಯಾಯಿತು. ಯಾವುದದು?”

“ಅನ್‌ಲಿಮಿಟೆಡ್ ಪ್ಲಾನ್, ಬುದ್ಧೀ. ಹೆಸರಿಗೆ ಮುಗಿಯುವುದಿಲ್ಲ. ಆದರೆ ದಿನದ ಪಾಲು ತೀರಿದ ಮೇಲೆ ವೇಗ ಇಳಿಸಿಬಿಡ್ತಾರೆ. ಅಕ್ಷರ ಕಳಿಸಬಹುದು, ಮುಖ ಕಾಣೋದಿಲ್ಲ. ನನ್ನ ತಂಗಿಗೆ ಅಕ್ಷರ ಬರೋದಿಲ್ಲ. ಅವಳ ಕೈ ಅರ್ಧ ಮಾತಿನಲ್ಲೇ ಕಲ್ಲಾಗಿ ನಿಂತದ್ದನ್ನ ಎಷ್ಟೋ ಸಲ ನೋಡಿದ್ದೇನೆ. ಎಷ್ಟು ಬಳಸಿದರೆ ವೇಗ ಇಳಿಯುತ್ತೆ, ಇಳಿದ ಮೇಲೆ ಎಷ್ಟಿರುತ್ತೆ, ಅದನ್ನೇ ಮೊದಲು ಕೇಳಬೇಕು.”

ದೊರೆ ಸಿಂಹಾಸನದಿಂದ ಇಳಿದು ಬಂದ. ಮಡಿಲಿನ ರೇಷ್ಮೆಯ ಗಂಟು ಬಿಚ್ಚಿ ಒಂದು ಫೋನು ತೆಗೆದ.

“ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಇದು ನನ್ನ ಮಗನದು. ಗಡಿಯ ಕೋಟೆಗೆ ವೈರಿ ಎಲ್ಲಿಂದ ನುಗ್ಗುತ್ತಿದ್ದಾನೆಂದು ತೋರಿಸಲು ನನಗೆ ಕರೆ ಮಾಡಿದ. ಚಿತ್ರ ಬರಲೇ ಇಲ್ಲ. ಅವನು ಆವತ್ತು ಬೆಳಗಿನಿಂದ ಕಾಳಗದಲ್ಲಿದ್ದ, ಅದುವರೆಗೆ ಫೋನು ಮುಟ್ಟಿರಲಿಲ್ಲ. ಬಾಗಿಲು ಮುರಿದಿಲ್ಲ, ನಾಯಿ ಬೊಗಳಿಲ್ಲ. ಅವನ ಪಾಲನ್ನು ಉಂಡುಹೋದವರು ಯಾರು?”

ದ್ಯಾವ ಫೋನು ತೆಗೆದುಕೊಂಡು ಸೆಟ್ಟಿಂಗ್ಸಿನಲ್ಲಿ ಹುಡುಕಿದ. ಯಾವ ದಿನ ಯಾವುದು ಎಷ್ಟು ಡೇಟಾ ತಿಂದಿದೆ ಎಂಬ ಪಟ್ಟಿ ಅಲ್ಲೇ ಇತ್ತು. ನೋಡಿದ. ಡೇಟಾ ತಿಂದದ್ದು ಫೋನಿನ ಯಾವುದೋ ಆಟ ಅಂತ ಹೇಳಿಬಿಟ್ಟರೆ ತಲೆ ಉಳಿದೀತು. ಆದರೆ ಸುಳ್ಳು ಹೇಳಿದರೆ ನಾಳೆ ಇನ್ನೊಬ್ಬರ ಮಗ ಹೀಗೇ ಸಾಯುತ್ತಾನಲ್ಲ?

“ಬುದ್ಧೀ, ಆವತ್ತು ಅರಮನೆಯಿಂದ ಯುವರಾಜರಿಗೆ ಏನಾದರೂ ಕಳಿಸಿದ್ದಿರಾ?”

“ಅವನ ಹುಟ್ಟುಹಬ್ಬ ಆವತ್ತು. ತಾಯಿಯ ಆರತಿ, ಆನೆಗಳ ಮೆರವಣಿಗೆ... ನಾನೇ ವಿಡಿಯೊ ಮಾಡಿ ಮಾಡಿ ಕಳಿಸಿದ್ದೆ.”

“ಬಂದ ವಿಡಿಯೊಗಳು ಕೇಳದೆಯೇ ತಾವಾಗಿ ಇಳಿಯುವ ಹಾಗೆ ಫೋನು ಇಟ್ಟಿದ್ದರು. ಮಧ್ಯಾಹ್ನದೊಳಗೆ ಇಡೀ ಪಾಲು ಅವೇ ತಿಂದಿವೆ.” ದ್ಯಾವನ ದನಿ ಇಳಿಯಿತು. “ಅವರು ಒಂದನ್ನೂ ತೆರೆದು ನೋಡಿಲ್ಲ, ಬುದ್ಧೀ.”

ಭಟನ ಕೈ ಕತ್ತಿಯ ಹಿಡಿಗೆ ಹೋಯಿತು. ದೊರೆ ಬೇಡವೆಂದು ಕೈಯಾಡಿಸಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು, ಫೋನನ್ನು ಎದೆಗೊತ್ತಿಕೊಂಡ.

“ನಾನೇ,” ಎಂದ. “ಅಷ್ಟೂ ತಲೆಗಳನ್ನು ಸುಮ್ಮನೆ ತೆಗೆದೆ. ಏನು ಬೇಕು, ಕೇಳು.”

“ಟವರು ತೆರೆಸಿ, ಬುದ್ಧೀ. ತಂಗಿಯ ಊರಿಗೆ ದಾರಿ ಬಿಡಿಸಿ.”

ದೊರೆ ಅಷ್ಟನ್ನೂ ಕೊಟ್ಟ, ಕುದುರೆಯನ್ನೂ ಹತ್ತು ಸವಾರರನ್ನೂ ಕೊಟ್ಟ, ಹೊಳೆಯ ಕಡವನ್ನು ಅವನ ವಂಶಕ್ಕೇ ಉಂಬಳಿ ಬಿಟ್ಟ. ದ್ಯಾವ ಹೇಳಿದಂತೆ ಹೊಸ ಕರಾರು ಬರೆಸಿದ: ಉಳಿದ ಪಾಲು ಮಾರನೆಯ ದಿನಕ್ಕೆ ಸೇರಬೇಕು, ವೇಗ ಇಳಿಯುವ ಗಡಿಯನ್ನು ದಪ್ಪ ಅಕ್ಷರದಲ್ಲಿ ಬರೆದಿರಬೇಕು.

ಟವರು ತೆರೆದ ಗಳಿಗೆಯಲ್ಲೇ ದ್ಯಾವ ಅರಮನೆಯ ಅಂಗಳದಲ್ಲಿ ಫೋನನ್ನು ಕಂಬಕ್ಕೆ ಒರಗಿಸಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು ಕರೆ ಮಾಡಿದ. ಕೆಂಚಿಯ ಮುಖ ಮೂಡಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ, ನೀರಿನಷ್ಟು ತಿಳಿಯಾಗಿತ್ತು. ಅವಳು ಎರಡು ಕೈಯನ್ನೂ ತೊಟ್ಟಿಲಿನಂತೆ ಜೋಡಿಸಿದಳು. ಆಮೇಲೆ ಬಿಡಿಸಿ, ಬರಿದಾದ ಅಂಗೈಗಳನ್ನು ತೋರಿಸಿದಳು. “ಮಗು ಹೋಗಿ ಒಂಬತ್ತು ದಿನ ಆಯಿತು. ನಿನಗೆ ಕರೆ ಮಾಡುತ್ತಲೇ ಇದ್ದೆ,” ಎಂದವು ಅವಳ ಬೆರಳುಗಳು.

“ಬರುತ್ತಿದ್ದೇನೆ,” ಎಂದವು ದ್ಯಾವನ ಕೈಗಳು. ಕುದುರೆ ಹತ್ತಿದ. ಬೆಟ್ಟದ ದಾರಿ ಆರು ದಿನದ್ದು. ಆ ಆರು ದಿನವೂ ಅಣ್ಣತಂಗಿ ಕರೆ ಕಡಿಯಲಿಲ್ಲವಂತೆ, ಮಾತನ್ನೂ ಆಡಲಿಲ್ಲವಂತೆ.