ಹೊಳೆದಂಡೆಯ ಮೂರು ಕಲ್ಲು

ಮುಪ್ಪಿನಯ್ಯನವರೂ ಅವರ ಶಿಷ್ಯ ಕಲ್ಲಿನಾಥನೂ ಹೊಳೆದಂಡೆ ಹಿಡಿದು ನಡೆಯುತ್ತಿದ್ದರು. ಹೊಳೆ ತಿರುಗುವಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಹಾಳು ಕೋಟೆ. ಆ ಕೋಟೆಯ ಬಾಗಿಲಲ್ಲಿ ಕಲ್ಲಿನಾಥನಿಗೆ ದೀಕ್ಷೆ ಆಗಬೇಕಿತ್ತು. ಹಳೆಯ ಹೆಸರು ಹೋಗಿ ಹೊಸ ಹೆಸರು ಬರಬೇಕಿತ್ತು.

ಅದಕ್ಕಾಗಿ ಅವನು ಬಹಳ ಕಾಲ ಕಾದಿದ್ದ. ಈಗ ಹತ್ತಿರ ಬಂದಂತೆ ಹೆದರಿಕೆ ಶುರುವಾಗಿತ್ತು.

ಮೊದಲ ರಾತ್ರಿ ಒಂದು ಹುಣಸೆಮರದ ಕೆಳಗೆ ತಂಗಿದರು. ಬೆಳಿಗ್ಗೆ ಹೊರಟು ಒಂದು ಹೊಲ ದಾಟಿದ್ದರು, ಅಷ್ಟರಲ್ಲಿ ಗುರುಗಳು ಸುಮ್ಮನೆ ಹಿಂದಕ್ಕೆ ತಿರುಗಿದರು. ಶಿಷ್ಯ ಬಿಟ್ಟು ಬಂದಿದ್ದ ಊಟದ ಎಲೆಗಳನ್ನು ಹೆಕ್ಕಿದರು. ಬೂದಿಯ ಮೇಲೆ ಮಣ್ಣು ಮುಚ್ಚಿದರು.

"ನಾವು ಮಲಗಿದ್ವಿ ಅನ್ನೂದು ಈ ಜಾಗಕ್ಕ ಗೊತ್ತಾಗಬಾರದು ನೋಡು," ಎಂದರು.

ಕಲ್ಲಿನಾಥ ನಾಚಿಕೊಂಡ. ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಯಾವುದನ್ನೂ ಅರ್ಧ ಮಾಡಿ ಬಿಡುವ ಆಸಾಮಿ ಅವನಲ್ಲ.

ಮರುದಿನ ಸಂಜೆ ಗುಡ್ಡದ ಬುಡ ಮುಟ್ಟಿದರು. ಅಲ್ಲೊಂದು ಹಳೆಯ ದೋಣಿಕಟ್ಟೆ, ಪಕ್ಕದಲ್ಲಿ ಕಲ್ಲಿನ ಮಂಟಪ. ದೋಣಿಯ ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲಿ ಗೀರು ಬಿದ್ದಿತ್ತು. ಮಂಟಪದ ಮುಂದೆ ಮೂರು ಕಲ್ಲಿನ ಒಲೆ, ಮಸಿ ಹಿಡಿದು ಕರ್ರಗಾಗಿತ್ತು. ಕೋಟೆಯಲ್ಲಿ ರಾಜರಿದ್ದ ಕಾಲದಿಂದಲೂ ದಾರಿಹೋಕರು ಅದರ ಮೇಲೇ ಬೇಯಿಸಿಕೊಳ್ಳುತ್ತಾರಂತೆ. ರಾಜರು ಹೋದರು, ಒಲೆ ಮಾತ್ರ ಅಲ್ಲೇ ಇದೆ.

ಗುರುಗಳೇ ಸೊಪ್ಪು ಬೇಯಿಸಿದರು. ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಜೊತೆ ಉಂಡರು.

"ಅಪ್ಪಾರ, ಅಕ್ಕ ಭಾಳ ನೆನಪಾಗ್ತಾಳ್ರಿ," ಎಂದ ಕಲ್ಲಿನಾಥ. "ಅವ್ವ ಸತ್ತ ಮ್ಯಾಲೆ ನನ್ನ ಸಾಕಿದಾಕಿ ಆಕಿನ. ನಾ ಮನಿ ಬಿಟ್ಟು ಬಂದ್ರೂ ಆಕಿ ನನ್ನ ಬಿಟ್ಟಿಲ್ರಿ. ಹಿಂಗಿದ್ರ ನನಗ ದೀಕ್ಷಾ ದಕ್ಕತೈತೇನ್ರಿ?"

"ಮುಂಜಾನೆ ನೋಡೂಣು," ಎಂದು ಗುರುಗಳು ಕಂಬಳಿ ಎಳೆದುಕೊಂಡರು.

ಬೆಳಗಾಗಿ ಗುರುಗಳು ಸ್ನಾನಕ್ಕೆ ಇಳಿದದ್ದೇ ತಡ, ಕಲ್ಲಿನಾಥ ಕೆಲಸಕ್ಕೆ ನಿಂತ. ಬೂದಿ ಬಾಚಿ ಹೂತ. ಒಲೆಯ ಮೂರೂ ಕಲ್ಲುಗಳನ್ನು ಹೊತ್ತೊಯ್ದು ಹೊಳೆಗೆ ಹಾಕಿದ. ಸೊಪ್ಪಿನ ಕೊಂಬೆಯಿಂದ ನೆಲ ಗುಡಿಸಿದ. ಅಲ್ಲಿ ಯಾರೂ ಎಂದೂ ತಂಗಿಯೇ ಇರಲಿಲ್ಲವೇನೋ ಅನ್ನಿಸಬೇಕು, ಹಾಗೆ.

ಮನಸ್ಸನ್ನೂ ಹೀಗೇ ಗುಡಿಸಿಬಿಟ್ಟರೆ ಅಕ್ಕ ಎಲ್ಲಿಂದ ಬರುತ್ತಾಳೆ ಎಂದುಕೊಂಡ. ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು.

ಗುರುಗಳು ಒದ್ದೆ ಪಂಚೆಯಲ್ಲಿ ಬಂದರು. "ಹಸಿವಾಗೈತಿ. ಇವತ್ತು ನೀ ನುಚ್ಚು ಮಾಡು. ಉಂಡು ಗುಡ್ಡ ಹತ್ತೂಣು."

ಕಲ್ಲಿನಾಥ ಪಾತ್ರೆ ಹಿಡಿದು ನಿಂತ. ಇಡಲು ಜಾಗವಿರಲಿಲ್ಲ.

"ಒಲಿ ಎಲ್ಲಿ?"

"ಹೊಳ್ಯಾಗ ಹಾಕೀನ್ರಿ. ಜಾಗಕ್ಕ ಗೊತ್ತಾಗಬಾರದು ಅಂದಿದ್ರೆಲ್ಲ."

"ಆ ಕಲ್ಲು ನೀ ತಂದಿದ್ದೇನು?"

"ಇಲ್ರಿ. ನಾವು ಬರೂದರಾಗ ಇದ್ದೂವು."

"ನಾಳೆ ಬರಾವರು ಎಲ್ಲಿ ಬೇಯಿಸಬೇಕು?"

ಕಲ್ಲಿನಾಥ ತಲೆ ತಗ್ಗಿಸಿದ. ಗುರುಗಳು ಬೈಯಲಿಲ್ಲ. ಮಂಟಪದ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳತೊಡಗಿದರು. ಬೈದಿದ್ದರೇ ವಾಸಿಯಿತ್ತು.

ಅವನು ಹೊಳೆಗಿಳಿದ. ನೀರು ಎದೆಮಟ್ಟ, ಕೊರೆಯುವ ಚಳಿ. ಕಾಲಲ್ಲಿ ತಡಕಿ ಎರಡು ಕಲ್ಲು ತೆಗೆದ. ಮೂರನೆಯದು ಸಿಗಲಿಲ್ಲ. ಹೊಳೆಯ ತಳದ ತುಂಬ ಕಲ್ಲುಗಳೇ. ಒಂದೊಂದನ್ನೇ ಎತ್ತಿ ನೋಡಿದ, ಬಿಟ್ಟ. ಹಲ್ಲು ಕಟಕಟ ಎನ್ನುತ್ತಿತ್ತು, ಅಳು ಬರುವಂತಾಯಿತು.

ಕೊನೆಗೊಂದನ್ನು ಎತ್ತಿದಾಗ ಅಂಗೈ ಕರ್ರಗಾಯಿತು. ಅಷ್ಟು ಹೊತ್ತು ನೀರಲ್ಲಿದ್ದರೂ ಮಸಿ ಬಿಟ್ಟಿರಲಿಲ್ಲ.

ಕಲ್ಲಿನಾಥ ಅದನ್ನು ಎದೆಗೆ ಅವಚಿಕೊಂಡು ದಡ ಹತ್ತಿದ. ಅವನಿಗೆ ನಗು ಬಂದುಬಿಟ್ಟಿತು.

ಒಲೆ ಹೂಡಿ ಬೆಂಕಿ ಮಾಡಿದ. ಜೋಳದ ನುಚ್ಚನ್ನು ಘಮ ಬರುವವರೆಗೆ ಹುರಿದು ನೀರು ಹೊಯ್ದ. ಎರಡು ಅಂಗೈ ನಡುವೆ ಜೀರಿಗೆ ತಿಕ್ಕಿ ಉದುರಿಸಿದ.

"ಹಂಗ ತಿಕ್ಕಿ ಹಾಕೂದು ಯಾರು ಕಲಿಸಿದ್ರು?" ಗುರುಗಳು ಕೇಳಿದರು.

ಕಲ್ಲಿನಾಥನ ಕೈ ಅಲ್ಲೇ ನಿಂತಿತು. "ಅಕ್ಕಾರಿ," ಎಂದ, ಕಳವಿನಲ್ಲಿ ಸಿಕ್ಕಿಬಿದ್ದವನಂತೆ.

ಗುರುಗಳು ದಾರಿಯ ಊರಿನಲ್ಲಿ ಬೇಡಿ ತಂದಿದ್ದ ಮಜ್ಜಿಗೆ ಬೆರೆಸಿಕೊಂಡು ಉಂಡರು. ಇನ್ನಷ್ಟು ಹಾಕಿಸಿಕೊಂಡರು. ಪಾತ್ರೆಯ ತಳಕ್ಕೆ ಹತ್ತಿದ್ದನ್ನೂ ಕೆರೆಸಿ ಹಾಕಿಸಿಕೊಂಡರು.

ಕಲ್ಲಿನಾಥ ಬೂದಿ ಬಾಚಿದ, ಪಾತ್ರೆ ತೊಳೆದ. ಕಲ್ಲುಗಳನ್ನು ಮುಟ್ಟಲಿಲ್ಲ. ಗಂಟು ಹೆಗಲಿಗೇರಿಸಿ, ಗುಡ್ಡದ ದಾರಿಯನ್ನೂ ಬಂದ ದಾರಿಯನ್ನೂ ನೋಡಿದ.

"ಅಪ್ಪಾರ, ಮ್ಯಾಲೆ ಬರಲೇನ್ರಿ, ತಿರುಗಿ ಮನಿಗೆ ಹೋಗಲೇನ್ರಿ?"

ಮುಪ್ಪಿನಯ್ಯನವರು ಆಗಲೇ ಗುಡ್ಡ ಹತ್ತತೊಡಗಿದ್ದರು. ತಿರುಗಿ ನೋಡದೆಯೇ ಹೇಳಿದರು:

"ಲಗೂನ ಬಾ. ದೀಕ್ಷಾ ಆದ ಮ್ಯಾಲೂ ನುಚ್ಚು ಮಾತ್ರ ಹಿಂಗ ಮಾಡಬೇಕು."